ಫಿನಾಯಿಲ್ ವಾಸನೆಯ ಅನಾನಸ್ ರಸ

ಹಣ್ಣಿನ ರಸದ ಕಾರ್ಖಾನೆಗಳಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಹೊಸಮನೆ ಬಡಾವಣೆಯ ನಮ್ಮ ಮನೆಗೆ ಬರುತ್ತಾರೆ. ಯಾರೋ ಅವರಿಗೆ ನನ್ನ ಹೆಸರು ಹೇಳಿ ಕಳಿಸಿರುತ್ತಾರೆ. ಯಾವ ರಸಕ್ಕೆ ಎಷ್ಟು ಬಿಸಿ, ಯಾವ ಯಂತ್ರ ಒಳ್ಳೆಯದು, ರಸವನ್ನು ಒತ್ತಡ ಹಾಕಿ ಕಾಪಾಡುವುದು ಮೇಲೋ ಕಾಯಿಸಿ ಕಾಪಾಡುವುದು ಮೇಲೋ ಎಂದು ಕೇಳುತ್ತಾರೆ. ಅದೆಲ್ಲ ಅವರ ಪುಸ್ತಕಗಳಲ್ಲಿ ನನಗಿಂತ ಚೆನ್ನಾಗಿ ಇದೆ. ಏನೂ ಗೊತ್ತಾಗದೆ ಕೈಕಟ್ಟಿ ನಿಂತಾಗ ಏನು ಮಾಡಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಸರ್ವೀಸಿನಲ್ಲಿ ಖಚಿತವಾಗಿ ಗೊತ್ತಿದ್ದ ದಿನಗಳಿಗಿಂತ ತಲೆ ಕೆಟ್ಟು ಕೂತ ದಿನಗಳೇ ಹೆಚ್ಚು. ಅವುಗಳಲ್ಲಿ ಕೆಲವನ್ನು ಇಲ್ಲಿ ಬರೆಯುತ್ತೇನೆ.

ನಮ್ಮ ಕಾರ್ಖಾನೆ ಇದ್ದದ್ದು ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆಯ ಬದಿಯಲ್ಲಿ. ಸೀಸನ್ನಿನಲ್ಲಿ ಸಾಗರ, ಸೊರಬದ ಕಡೆಯಿಂದ ಅನಾನಸ್ ತುಂಬಿದ ಲಾರಿಗಳು ಗೇಟಿನ ಮುಂದೆ ಸಾಲುಗಟ್ಟುತ್ತಿದ್ದವು. ನಾನು ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮುಗಿಸಿ ಅಲ್ಲಿನ ಲ್ಯಾಬಿಗೆ ಸೇರಿದೆ. ಗಾಂಧಿ ಬಜಾರಿನಲ್ಲಿ ಬೇಳೆಕಾಳಿನ ಅಂಗಡಿ ಇಟ್ಟಿದ್ದ ಅಪ್ಪನಿಗೆ ಖುಷಿಯೇ ಆಗಿತ್ತು. ಅವ್ವ ಮಾತ್ರ, "ಜ್ಯೂಸ್ ಮಾಡೋಕೆ ಬಿ.ಎಸ್ಸಿ. ಯಾಕೆ ಓದ್ಬೇಕಿತ್ತೇ ಸುಮಂಗಲಾ? ಮನೇಲೇ ಹೇಳಿಕೊಡ್ತಿದ್ನಲ್ಲ" ಎಂದಿದ್ದಳು. ಮೊದಲ ಕೆಲವು ತಿಂಗಳು ನನಗೂ ಹಾಗೇ ಅನ್ನಿಸಿತ್ತು.

ಆಗ ರಸ ಕಾಯಿಸುತ್ತಿದ್ದದ್ದು ದೊಡ್ಡ ಸ್ಟೀಲ್ ಕೊಪ್ಪರಿಗೆಗಳಲ್ಲಿ. ಕೊಪ್ಪರಿಗೆಯ ಹೊರಗೋಡೆಯೊಳಗೆ ಸ್ಟೀಮ್ ಹರಿಯುತ್ತಿತ್ತು, ಒಳಗೆ ರಸ ಕುದಿಯುತ್ತಿತ್ತು. ಬಿಸಿಬಿಸಿಯಾಗಿಯೇ ಗಾಜಿನ ಬಾಟಲಿಗೆ ತುಂಬಿ, ತಗಡಿನ ಮುಚ್ಚಳ ಒತ್ತುತ್ತಿದ್ದರು. ಆ ವಿಭಾಗ ಸೆಲ್ವರಾಜ್ ಅವರದು. ಅವರ ತಂದೆ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆಂದು ಸೇಲಂ ಕಡೆಯಿಂದ ಭದ್ರಾವತಿಗೆ ಬಂದು ನೆಲೆಸಿದವರು. ಸೆಲ್ವರಾಜ್ ಕುದಿಯುವ ರಸದ ಸದ್ದು ಕೇಳಿಕೊಂಡೇ ಸ್ಟೀಮ್ ತಿರುಗಿಸುತ್ತಿದ್ದರು.

ನಮ್ಮ ಮ್ಯಾನೇಜರ್ ಪರಮೇಶ್ವರಪ್ಪನವರು. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಶರ್ಟು, ಗಟ್ಟಿ ಗಂಟಲು. ಕೆಲಸ ಕಲಿಸುವುದರಲ್ಲಿ ಉದಾರಿ, ತಪ್ಪು ಒಪ್ಪಿಕೊಳ್ಳುವುದರಲ್ಲಿ ಕೃಪಣ. ನಾನು ಸೇರಿದ ವಾರ ನನ್ನನ್ನು ಕೊಪ್ಪರಿಗೆಯ ಹತ್ತಿರ ನಿಲ್ಲಿಸಿ ಹೇಳಿದ್ದರು.

"ನೋಡಮ್ಮ, ನಮ್ಮ ರಸಕ್ಕೆ ಇಬ್ಬರು ಕಾವಲುಗಾರರು. ಒಬ್ಬ ಬಿಸಿ, ಇನ್ನೊಬ್ಬ ಹುಳಿ. ಬಿಸಿ ಬಂದು ಕ್ರಿಮಿಗಳನ್ನ ಕೊಲ್ತಾನೆ. ತಪ್ಪಿಸಿಕೊಂಡು ಉಳಿದಿರೋವನ್ನ ಹುಳಿ ಬೆಳೆಯೋಕೆ ಬಿಡಲ್ಲ. ಇಷ್ಟು ನೆನಪಿಟ್ಟುಕೋ, ಉಳಿದದ್ದೆಲ್ಲ ತಾನಾಗೇ ಬರುತ್ತೆ."

ನಾನು ಅದನ್ನು ಮಗ್ಗಿಯಂತೆ ನೆನಪಿಟ್ಟುಕೊಂಡೆ.

ಕೆಲವು ವರ್ಷಗಳ ನಂತರ ಕೊಪ್ಪರಿಗೆಗಳನ್ನು ಕಿತ್ತು ಹೊಸ ಪಾಶ್ಚರೈಸರ್ ತಂದು ಕೂರಿಸಿದರು. ತೆಳುವಾದ ಸ್ಟೀಲ್ ತಟ್ಟೆಗಳನ್ನು ಒಂದಕ್ಕೊಂದು ಒತ್ತಿ ಜೋಡಿಸಿದ್ದ ಯಂತ್ರ ಅದು. ತಟ್ಟೆಯ ಒಂದು ಬದಿಯಲ್ಲಿ ಬಿಸಿನೀರು, ಇನ್ನೊಂದು ಬದಿಯಲ್ಲಿ ರಸ. ರಸ ಒಳಗೆ ಹೋಗಿ ಕಾದು ಹೊರಗೆ ಬರುವುದಕ್ಕೆ ಒಂದು ನಿಮಿಷವೂ ಬೇಕಾಗಿರಲಿಲ್ಲ. ಸೆಲ್ವರಾಜ್ ಮೊದಲ ದಿನ ಅದರ ಸುತ್ತ ಸುತ್ತಿ ಬಂದು ನನ್ನ ಹತ್ತಿರ ಪಿಸುಗುಟ್ಟಿದರು.

"ಏನಮ್ಮಾ ಇದು, ರೈಲು ಥರ ಓಡ್ತೈತೆ? ಇಷ್ಟು ಬೇಗ ಓಡಿದ್ರೆ ಹುಳ ಎಲ್ಲಿ ಸಾಯ್ತೈತೆ?"

"ಬಿಸಿ ಜಾಸ್ತಿ ಇರುತ್ತೆ ಸೆಲ್ವರಾಜ್. ಅದಕ್ಕೇ ಸ್ವಲ್ಪ ಹೊತ್ತು ಸಾಕು. ರುಚಿನೂ ಕೆಡಲ್ಲ."

"ಪುಸ್ತಕದಲ್ಲಿ ಹಂಗೈತಾ?"

"ಹಾಗೇ ಇದೆ."

"ಹುಳ ಆ ಪುಸ್ತಕ ಓದಿರ್ಬೇಕಲ್ಲಮ್ಮಾ" ಎಂದು ನಕ್ಕು ಹೋದರು.

ನನಗಿದ್ದ ಧೈರ್ಯವೂ ಪುಸ್ತಕದ್ದೇ. ಆದರೆ ಮೊದಲ ಪೆಟ್ಟು ಬಿದ್ದದ್ದು ನಾವು ಯೋಚಿಸಿಯೇ ಇರದ ಕಡೆಯಿಂದ. ಹೊಸ ರಸ ಮಾರುಕಟ್ಟೆಗೆ ಹೋದ ಮೇಲೆ, "ಅನಾನಸಿನ ರುಚಿಯೇ ಇಲ್ಲ, ನೀರು ಬೆರೆಸಿದ್ದೀರಾ" ಎಂದು ಅಂಗಡಿಯವರು ಕೇಳತೊಡಗಿದರು. ಲ್ಯಾಬಿನಲ್ಲಿ ಹಣ್ಣನ್ನು ಕೊಯ್ದು ತಿಂದು, ಹೊಸ ರಸ ಕುಡಿದು ನೋಡಿದೆ. ಎರಡೂ ಒಂದೇ ರುಚಿ. ಹಳೆಯ ಬಾಟಲಿಯೊಂದನ್ನು ತೆರೆದು ಕುಡಿದೆ. ಅದರಲ್ಲಿದ್ದದ್ದು ಬೆಂದ ಸಕ್ಕರೆಯ, ತಳ ಹತ್ತಿದ ಪಾಯಸದ ರುಚಿ. ಇಷ್ಟು ವರ್ಷ ಜನ ಅದನ್ನೇ ಅನಾನಸಿನ ರುಚಿ ಎಂದುಕೊಂಡಿದ್ದರು. ಹಣ್ಣಿನಂತೆಯೇ ಇರುವ ರಸವನ್ನು ಕೊಟ್ಟಾಗ ಅದು ಸುಳ್ಳು ಎಂದರು. ಯಾರಿಗೆ ಯಾವುದು ಅಸಲಿ ಎಂದು ಹೇಳುವುದು ಹೇಗೆ? ಪರಮೇಶ್ವರಪ್ಪನವರು, "ಅಭ್ಯಾಸ ಆಗುತ್ತೆ ಬಿಡು" ಎಂದರು. ನಿಜಕ್ಕೂ ಅಭ್ಯಾಸವಾಯಿತು.

ಆ ದೂರು ತಣ್ಣಗಾದ ಬೇಸಿಗೆಯಲ್ಲೇ ದೊಡ್ಡ ಕಥೆ ಶುರುವಾಯಿತು.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮ ರಸ ಮಾರುತ್ತಿದ್ದ ಬೇಕರಿಯವರು ಒಂದು ಪೆಟ್ಟಿಗೆ ಬಾಟಲಿ ವಾಪಸು ತಂದು ಪರಮೇಶ್ವರಪ್ಪನವರ ಮೇಜಿನ ಮೇಲಿಟ್ಟರು. "ಸ್ವಾಮಿ, ಕುಡಿದೋರೆಲ್ಲ ಆಸ್ಪತ್ರೆ ವಾಸನೆ ಅಂತಾರೆ. ನೀವೇ ನೋಡಿ."

ಪರಮೇಶ್ವರಪ್ಪನವರು ಒಂದು ಬಾಟಲಿ ತೆರೆದು ಮೂಗಿನ ಹತ್ತಿರ ಹಿಡಿದರು. ಮುಖ ಕಿವುಚಿದರು. "ಫಿನಾಯಿಲ್!" ಎಂದು ನನ್ನ ಕೈಗೆ ಕೊಟ್ಟರು. ನಾನು ಮೂಸಿದೆ. ಅನಾನಸ್ ವಾಸನೆ. ಇನ್ನೊಮ್ಮೆ ಆಳವಾಗಿ ಎಳೆದೆ. ಅನಾನಸೇ. ಕುಡಿದೆ. ಸಿಹಿ, ಹುಳಿ, ಅಷ್ಟೇ.

"ನಂಗೆ ಏನೂ ಬರ್ತಿಲ್ಲ ಸಾರ್."

"ಏನಮ್ಮಾ ಮೂಗು ಕಟ್ಟಿದೆಯಾ? ಗೇಟಿನವರೆಗೂ ಹೊಡೀತಿದೆ!"

ಸೆಲ್ವರಾಜ್ ಅವರನ್ನು ಕರೆದೆವು. ಅವರಿಗೆ ವಾಸನೆ ಬಂತು. ಅಕೌಂಟ್ಸಿನವರಿಗೆ ಬರಲಿಲ್ಲ. ಡ್ರೈವರಿಗೆ ಬಂತು. ಪ್ಯಾಕಿಂಗಿನ ಹೆಂಗಸರಲ್ಲಿ ಕೆಲವರು ಮೂಗು ಮುಚ್ಚಿಕೊಂಡರು, ಕೆಲವರು ಇಡೀ ಲೋಟ ಕುಡಿದು ಇನ್ನೊಂದಿಷ್ಟು ಕೇಳಿದರು. ಗುಣಮಟ್ಟ ನೋಡಿಕೊಳ್ಳಬೇಕಾದ ನಾನೇ ವಾಸನೆ ಬಾರದವರ ಗುಂಪಿನಲ್ಲಿ ಉಳಿದೆ. ಕುರುಡಿಯನ್ನು ಬಣ್ಣದ ಅಂಗಡಿಯಲ್ಲಿ ಕೂರಿಸಿದ ಹಾಗಾಗಿತ್ತು ನನ್ನ ಸ್ಥಿತಿ.

ಪರೀಕ್ಷೆಗಳನ್ನೆಲ್ಲ ಮಾಡಿದೆ. ಹುಳಿ ಸರಿಯಾಗಿತ್ತು. ಸಕ್ಕರೆ ಸರಿಯಾಗಿತ್ತು. ರಸ ಕೆಟ್ಟಿದ್ದರೆ ಬಾಟಲಿಯಲ್ಲಿ ಗ್ಯಾಸ್ ತುಂಬಬೇಕು, ಬೂಷ್ಟು ಕಟ್ಟಬೇಕು, ಕನಿಷ್ಠ ಬಣ್ಣವಾದರೂ ಕೆಡಬೇಕು. ಅದ್ಯಾವುದೂ ಇರಲಿಲ್ಲ. ಸೂಕ್ಷ್ಮಜೀವಿಗಳನ್ನು ಬೆಳೆಸಿ ನೋಡುವ ನಮ್ಮ ಗಾಜಿನ ತಟ್ಟೆಗಳಲ್ಲಿ ರಸದ ಹನಿ ಹಾಕಿ ಕಾದೆ. ಒಂದೂ ಹುಟ್ಟಲಿಲ್ಲ. ಕಾಗದದ ಮೇಲೆ ಅದು ನಾವು ಎಂದೂ ಮಾಡಿರದಷ್ಟು ಶುದ್ಧವಾದ ರಸ.

"ಹುಳ ಇಲ್ಲ ಅಂದ್ಮೇಲೆ ಹೊರಗಿಂದ ಏನೋ ಬಿದ್ದಿದೆ" ಎಂದರು ಪರಮೇಶ್ವರಪ್ಪನವರು. ಹೊರಗಿನಿಂದ ಬೀಳುವ ಫಿನಾಯಿಲ್ ಎಂದರೆ ನಮ್ಮಲ್ಲಿ ಒಬ್ಬರೇ. ರತ್ನಮ್ಮ.

ರತ್ನಮ್ಮ ಹೊಳೆಹೊನ್ನೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಕಾರ್ಖಾನೆ ಗುಡಿಸಿ ಒರೆಸುತ್ತಿದ್ದವಳು. ಗಂಡ ತೀರಿಕೊಂಡಿದ್ದ, ಮಗಳು ಹೈಸ್ಕೂಲಿನಲ್ಲಿದ್ದಳು. ಬಾಟಲಿ ತುಂಬುವ ಕೋಣೆಯಲ್ಲಿ ಫಿನಾಯಿಲ್ ಬಳಸಬಾರದು ಎಂಬುದು ನಿಯಮ. ಅದನ್ನು ಶೌಚಾಲಯಕ್ಕೆ ಮಾತ್ರ ಕೊಡುತ್ತಿದ್ದೆವು. ಆದರೆ ಎರಡಕ್ಕೂ ಅವಳದೇ ಕೈ, ಬಕೆಟ್ಟೂ ಒಂದೇ ಬಣ್ಣ.

"ಬಕೆಟ್ ಬೇರೆ ಬೇರೆ ಇಟ್ಟಿದೀನಿ ಅಮ್ಮಾರೆ" ಎಂದಳು ನನ್ನ ಹತ್ತಿರ. "ಇದಕ್ಕೆ ಕೆಂಪು ದಾರ ಕಟ್ಟಿದೀನಿ ನೋಡಿ. ಕಕ್ಕಸಿನ ಬಕೆಟ್ನ ನಾನು ಆ ರೂಮಿಗೆ ತರ್ತೀನಾ? ನಾನೂ ಅಡಿಗೆ ಮಾಡೋ ಹೆಂಗಸಲ್ವಾ?"

ನನಗೆ ಅವಳ ಮೇಲೆ ನಂಬಿಕೆಯಿತ್ತು. ಆದರೆ ಮ್ಯಾನೇಜರಿಗೆ ಬರುತ್ತಿದ್ದ ವಾಸನೆಯೂ ಸುಳ್ಳಾಗಿರಲಿಲ್ಲ. ಅವರು ಹಗೆ ಸಾಧಿಸುವ ಮನುಷ್ಯರಲ್ಲ. ಕಣ್ಣಾರೆ ಕಂಡದ್ದನ್ನು ಹೇಗೆ ನಂಬುತ್ತೇವೋ ಹಾಗೆ ಮೂಗಾರೆ ಕಂಡದ್ದನ್ನು ನಂಬಿದ್ದರು. ರತ್ನಮ್ಮನ ಅಜಾಗರೂಕತೆಯಿಂದ ಫಿನಾಯಿಲ್ ಬೆರೆತಿದೆ ಎಂದು ಲ್ಯಾಬಿನ ವರದಿ ಕೊಡುವಂತೆ ನನ್ನನ್ನು ಕೇಳಿದರು.

"ನಂಗೆ ವಾಸನೆಯೇ ಬಂದಿಲ್ಲ ಸಾರ್. ಬಾರದ್ದನ್ನ ಫಿನಾಯಿಲ್ ಅಂತ ಹೇಗೆ ಬರೀಲಿ?"

"ಹಾಗಾದ್ರೆ ಏನು ಅಂತ ಬರೀತೀಯಾ?"

"ಗೊತ್ತಿಲ್ಲ ಅಂತ ಬರೀತೀನಿ."

"ಗೊತ್ತಿಲ್ಲ ಅನ್ನೋದಕ್ಕಾ ನಿನ್ನ ಲ್ಯಾಬಲ್ಲಿ ಕೂರಿಸಿರೋದು?"

ನಾನು ವರದಿ ಕೊಡಲಿಲ್ಲ, ಅಷ್ಟೇ. ಅವರು ನನ್ನ ವರದಿಗೆ ಕಾಯಲೂ ಇಲ್ಲ. ವಿಚಾರಣೆ ಮುಗಿಯುವವರೆಗೆ ಎಂದು ಹೇಳಿ ರತ್ನಮ್ಮನನ್ನು ಮನೆಗೆ ಕಳಿಸಿದರು. ಫಿನಾಯಿಲನ್ನು ಕಾರ್ಖಾನೆಯಿಂದಲೇ ಹೊರಗೆ ಹಾಕಿಸಿದರು. ಹೋಗುವಾಗ ಅವಳು ಕೆಂಪು ದಾರದ ಬಕೆಟ್ಟನ್ನು ನನ್ನ ಲ್ಯಾಬಿನ ಬಾಗಿಲ ಹತ್ತಿರ ಮಗುಚಿಟ್ಟು ಗೇಟು ದಾಟಿದಳು.

ನನ್ನ ತಲೆಯಲ್ಲಿ ಆಗ ಏನೇನೋ ಓಡುತ್ತಿತ್ತು. ಮುಚ್ಚಳದ ಒಳಗಿನ ಪದರದಿಂದ ವಾಸನೆ ಬರುತ್ತಿದೆಯೇ? ನೀರಿನಿಂದಲೇ? ಸಕ್ಕರೆ ಮೂಟೆಯಿಂದಲೇ? ಎಲ್ಲವನ್ನೂ ಬೇರೆ ಬೇರೆ ಮೂಸುವಂತೆ ಸೆಲ್ವರಾಜ್ ಅವರನ್ನು ಕಾಡಿದೆ. ಅವರು ಬೇಸರವಿಲ್ಲದೆ ಎಲ್ಲಕ್ಕೂ ಮೂಗು ಕೊಟ್ಟು, ಎಲ್ಲಕ್ಕೂ ತಲೆಯಾಡಿಸಿದರು. "ಇದ್ರಲ್ಲೆಲ್ಲ ಇಲ್ಲಮ್ಮಾ. ರಸದಲ್ಲಿ ಮಾತ್ರ ಐತೆ. ಅದೂ ಹೊಸದಾಗಿ ತುಂಬಿದ್ರಲ್ಲಿ ಇಲ್ಲ."

ಹೊಸದರಲ್ಲಿ ಇಲ್ಲ. ಹಾಗಾದರೆ ಹೊರಗಿನಿಂದ ಬಿದ್ದದ್ದು ಹೇಗಾಗುತ್ತದೆ? ಬಿದ್ದದ್ದು ಬಿದ್ದ ದಿನವೇ ನಾರಬೇಕಲ್ಲ? ಇದು ನನಗೆ ಹೊಳೆದರೂ ಮುಂದಿನ ಎಳೆ ಸಿಗಲಿಲ್ಲ. ಮೈಸೂರಿನ ಪ್ರಯೋಗಾಲಯವೊಂದಕ್ಕೆ ಬಾಟಲಿಗಳನ್ನು ಕಳಿಸಿದೆ. ಜೊತೆಗೆ ನನಗೆ ತಿಳಿದಂತೆ ಒಂದು ಸಣ್ಣ ಪರೀಕ್ಷೆ ಮಾಡಿದೆ. ರತ್ನಮ್ಮ ಹೋದ ಮೇಲೆ ತುಂಬಿದ ರಸದಲ್ಲಿ ಕೆಲವು ಬಾಟಲಿಗಳನ್ನು ಲ್ಯಾಬಿನ ಫ್ರಿಜ್ಜಿನಲ್ಲಿಟ್ಟೆ. ಉಳಿದವನ್ನು ಎಂದಿನಂತೆ ಗೋಡೌನಿನಲ್ಲಿ ಪೇರಿಸಿದ ಪೆಟ್ಟಿಗೆಗಳ ಮಧ್ಯೆ ಇಡಿಸಿದೆ. ಗೋಡೌನಿಗೆ ಶೀಟಿನ ಮಾಡು. ಆ ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಮುಖಕ್ಕೆ ಹಬೆ ಹೊಡೆದ ಹಾಗಾಗುತ್ತಿತ್ತು. ಬಾಟಲಿಗಳನ್ನು ತುಂಬಿದ ಮೇಲೆ ತಣ್ಣೀರಿನ ತುಂತುರಿನ ಕೆಳಗೆ ಹಾಯಿಸಬೇಕು. ಆದರೆ ಆ ನೀರೇ ಬೆಚ್ಚಗಾಗಿದ್ದರಿಂದ ಬಾಟಲಿಗಳು ಅರೆಬಿಸಿಯಲ್ಲೇ ಗೋಡೌನು ಸೇರುತ್ತಿದ್ದವು.

ಕೆಲವು ವಾರ ಬಿಟ್ಟು ಎರಡೂ ಕಡೆಯ ಬಾಟಲಿಗಳಿಂದ ಲೋಟಗಳಿಗೆ ರಸ ಬಗ್ಗಿಸಿ, ಅದಲು ಬದಲು ಮಾಡಿ ಮೇಜಿನ ಮೇಲಿಟ್ಟೆ. ಯಾವುದು ಎಲ್ಲಿಯದು ಎಂಬುದು ನನಗೆ ಮಾತ್ರ ಗೊತ್ತಿತ್ತು. ಪರಮೇಶ್ವರಪ್ಪನವರನ್ನು ಕರೆದು, ವಾಸನೆ ಬಂದ ಲೋಟಗಳನ್ನು ಬೇರೆ ಇಡಿ ಎಂದೆ. ಅವರು ಕನ್ನಡಕ ತೆಗೆದು ಜೇಬಿಗಿಟ್ಟು, ಪೂಜೆಗೆ ಕೂತವರ ಗಾಂಭೀರ್ಯದಲ್ಲಿ ಒಂದೊಂದಾಗಿ ಮೂಸಿದರು. "ಇದರಲ್ಲಿ ಇದೆ. ಇದರಲ್ಲಿ ಇಲ್ಲ. ಇದರಲ್ಲಿ ಇದೆ, ಜೋರಾಗೇ ಇದೆ." ಒಂದೂ ತಪ್ಪಲಿಲ್ಲ. ಗೋಡೌನಿನವೆಲ್ಲ ಒಂದು ಕಡೆಗೆ ಹೋದವು, ಫ್ರಿಜ್ಜಿನವೆಲ್ಲ ಇನ್ನೊಂದು ಕಡೆಗೆ.

"ಯಾವತ್ತು ತುಂಬಿದ್ದು ಇವು?"

"ಎಲ್ಲಾ ಒಂದೇ ದಿನ ಸಾರ್. ರತ್ನಮ್ಮ ಮನೇಲಿದ್ದಾಗ. ಫಿನಾಯಿಲ್ ಗೇಟಿನೊಳಗೆ ಇಲ್ದೇ ಇದ್ದಾಗ."

ಅವರು ಒಂದು ಲೋಟ ಎತ್ತಿ ಇನ್ನೊಮ್ಮೆ ಮೂಸಿದರು. ಆಮೇಲೆ ಮಗುವಿನ ಹಾಗೆ ಕೇಳಿದರು.

"ಮತ್ತೆ ಫಿನಾಯಿಲ್ ಹಾಕಿದ್ದು ಯಾರು?"

"ಗೊತ್ತಿಲ್ಲ ಸಾರ್."

ಈ ಸಲ ಅವರು ರೇಗಲಿಲ್ಲ.

ಮೈಸೂರಿನಿಂದ ಫೋನ್ ಬಂದಾಗ ನಾವಿಬ್ಬರೂ ಅದೇ ಕೋಣೆಯಲ್ಲಿದ್ದೆವು. ಆ ಕಡೆಯ ವಿಜ್ಞಾನಿ ತಾಳ್ಮೆಯಿಂದ ವಿವರಿಸಿದರು. ಅದು ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿ. ಅದಕ್ಕೆ ಹುಳಿ ಎಂದರೆ ಇಷ್ಟ, ಸೆಕೆ ಎಂದರೆ ಇಷ್ಟ. ಕಷ್ಟ ಬಂದಾಗ ಗಟ್ಟಿ ಚಿಪ್ಪಿನೊಳಗೆ ಮುದುಡಿ ಬೀಜದ ಹಾಗೆ ಮಲಗುತ್ತದೆ. ನಮ್ಮ ಪಾಶ್ಚರೈಸರಿನ ಕ್ಷಣಕಾಲದ ಬಿಸಿ ಅದನ್ನು ಕೊಲ್ಲುವುದಿಲ್ಲ, ಎಬ್ಬಿಸುತ್ತದೆ. ಎದ್ದದ್ದು ಬೆಚ್ಚಗಿನ ಗೋಡೌನಿನಲ್ಲಿ ಬೆಳೆದು, ರಸದಲ್ಲಿ ಫಿನಾಯಿಲಿನ ವಾಸನೆಯನ್ನು ಹೋಲುವ ಒಂದು ರಾಸಾಯನಿಕ ಬಿಡುತ್ತದೆ. ಅದರಿಂದ ಯಾರಿಗೂ ಕಾಯಿಲೆ ಬರುವುದಿಲ್ಲ. ಅಷ್ಟು ಕಡಿಮೆ ಪ್ರಮಾಣದಲ್ಲಿ ಇರುವಾಗ ಎಲ್ಲರ ಮೂಗಿಗೂ ಅದು ಸಿಗುವುದಿಲ್ಲ. ನಮ್ಮ ಲ್ಯಾಬಿನ ಗಾಜಿನ ತಟ್ಟೆಗಳಲ್ಲಿ ಏನೂ ಹುಟ್ಟದಿದ್ದದ್ದು ಯಾಕೆಂದರೆ ಅವುಗಳಲ್ಲಿ ಹುಳಿ ಇರಲಿಲ್ಲ, ಸಾಕಷ್ಟು ಸೆಕೆ ಇರಲಿಲ್ಲ. ಅದಕ್ಕೆ ಒಗ್ಗದ ಊಟ ಬಡಿಸಿ, ಅತಿಥಿ ಬಂದೇ ಇಲ್ಲ ಎಂದು ನಾನು ತಿಳಿದಿದ್ದೆ.

ಫೋನ್ ಇಟ್ಟ ಮೇಲೆ ನನಗೆ ಸಂತೋಷವಾಗಬೇಕಿತ್ತು. ಬದಲಿಗೆ ನೆಲ ಸ್ವಲ್ಪ ಅಲುಗಿದಂತಾಯಿತು. ಇಬ್ಬರು ಕಾವಲುಗಾರರಲ್ಲಿ ಒಬ್ಬ ಕಳ್ಳನನ್ನು ತಟ್ಟಿ ಎಬ್ಬಿಸಿದ್ದ, ಇನ್ನೊಬ್ಬ ಉಣ್ಣಿಸಿ ಬೆಳೆಸಿದ್ದ. ಪರಮೇಶ್ವರಪ್ಪನವರಿಗೂ ಹಾಗೇ ಆಗಿರಬೇಕು. ಅವರ ಮೂಗು ಸುಳ್ಳು ಹೇಳಿರಲಿಲ್ಲ. ಆದರೂ ಅವರು ಹೇಳಿದ್ದು ಸುಳ್ಳಾಗಿತ್ತು.

ಅವತ್ತು ಮಧ್ಯಾಹ್ನವೇ ಜೀಪು ತೆಗೆಸಿದರು. "ನೀನೂ ಬಾ" ಎಂದರು. ಹೊಳೆಹೊನ್ನೂರಿಗೆ ಹೋದೆವು.

ರತ್ನಮ್ಮ ಒಂದು ಮನೆಯ ಮುಂದಿನ ಚಪ್ಪರದಡಿ ಹತ್ತಾರು ಹೆಂಗಸರ ಜೊತೆ ಅಡಿಕೆ ಸುಲಿಯುತ್ತಿದ್ದಳು. ನಮ್ಮನ್ನು ನೋಡಿ ಎದ್ದು ಸೆರಗಿಗೆ ಕೈ ಒರೆಸಿಕೊಂಡಳು, ಹತ್ತಿರ ಬರಲಿಲ್ಲ. ಪರಮೇಶ್ವರಪ್ಪನವರು ಗಂಟಲು ಸರಿಮಾಡಿಕೊಂಡು, "ರತ್ನಮ್ಮ, ಅದು ಫಿನಾಯಿಲ್ ಅಲ್ಲ ಅಂತ ಗೊತ್ತಾಯ್ತು. ನಾಳೆಯಿಂದ ಕೆಲಸಕ್ಕೆ ಬಾ" ಎಂದರು.

"ಫಿನಾಯಿಲ್ ಅಲ್ದಿದ್ರೆ ಮತ್ತೇನು ಸಾರ್?"

"ಅದೊಂದು ಹುಳ."

"ಕುದಿಸಿದ್ರೂ ಸಾಯದ ಹುಳನಾ?"

"ಕುದಿಸಿದ್ರೆ ಎಚ್ಚರ ಆಗೋ ಹುಳ ರತ್ನಮ್ಮ" ಎಂದೆ ನಾನು.

ಅವಳು ನಮ್ಮಿಬ್ಬರ ಮುಖವನ್ನೂ ನೋಡಿದಳು. ನಾವು ತಮಾಷೆ ಮಾಡುತ್ತಿಲ್ಲ ಎಂದು ಖಚಿತವಾದ ಮೇಲೆ ಹೇಳಿದಳು. "ಕೆಲಸಕ್ಕೆ ಆಮೇಲೆ ಬರ್ತೀನಿ. ಜನ ಕುಡಿಯೋ ರಸಕ್ಕೆ ಕಕ್ಕಸಿನ ನೀರು ಹಾಕಿದೋಳು ಅಂತ ಊರೆಲ್ಲ ಮಾತಾಗೈತೆ. ಮದುವೆ ಮನೇಲಿ ನನ್ನ ಕೈಲಿ ಪಾತ್ರೆ ತೊಳೆಸ್ಲಿಲ್ಲ ಸಾರ್. ನನ್ನ ಮಗಳು ತಗೊಂಡು ಹೋದ ಚಕ್ಕುಲೀನ ಸ್ಕೂಲಲ್ಲಿ ಯಾರೂ ಮುಟ್ಟಲಿಲ್ಲ. ಇದನ್ನ ನಾನು ಹೇಳಿದ್ರೆ ನಂಬ್ತಾರಾ? ನೀವೇ ಹೇಳಿ, ಇವರ ಮುಂದೆ."

ಪರಮೇಶ್ವರಪ್ಪನವರು ಹೆಂಗಸರ ಕಡೆ ತಿರುಗಿದರು. ಡೈರೆಕ್ಟರುಗಳ ಸಭೆಯಲ್ಲೂ ತಡವರಿಸದ ಮನುಷ್ಯ ಅಲ್ಲಿ ತಡವರಿಸಿದರು. ಮಣ್ಣಿನಲ್ಲಿ ಒಂದು ಜೀವಿ ಇರುತ್ತದೆ, ಹಣ್ಣಿನ ಸಿಪ್ಪೆಗೆ ಅಂಟಿ ಬರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಬಿಸಿಗೆ ಸಾಯುವುದಿಲ್ಲ, ವಾಸನೆ ಬಿಡುತ್ತದೆ, ಆದರೆ ಎಲ್ಲರಿಗೂ ಬರುವುದಿಲ್ಲ ಎಂದರು. ಹೇಳುತ್ತಾ ಹೋದಂತೆ ಕೇಳುವವರ ಮುಖದಲ್ಲಿ ಅನುಮಾನ ಹೆಚ್ಚಾಯಿತು. ಒಬ್ಬ ಮುದುಕಿ ಅಡಿಕೆಯಿಂದ ಕಣ್ಣೆತ್ತದೆ ಹೇಳಿದಳು.

"ಕಣ್ಣಿಗೆ ಕಾಣಲ್ಲ, ಬೆಂಕೀಲಿ ಸಾಯಲ್ಲ, ಒಬ್ರಿಗೆ ಬತ್ತದೆ ಒಬ್ರಿಗೆ ಬರಲ್ಲ. ದೆವ್ವ ಅಂತ ನೆಟ್ಟಗೆ ಹೇಳಪ್ಪ."

ಹೆಂಗಸರು ನಕ್ಕರು. ರತ್ನಮ್ಮ ನಗಲಿಲ್ಲ. ಪರಮೇಶ್ವರಪ್ಪನವರು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಆಮೇಲೆ, ನಾನು ಆವರೆಗೆ ಅವರ ಬಾಯಲ್ಲಿ ಕೇಳಿರದ ದನಿಯಲ್ಲಿ ಹೇಳಿದರು. "ಅದೇನೋ ಬಿಡಿ ತಾಯಿ. ತಪ್ಪು ನಂದು. ರತ್ನಮ್ಮಂದು ಏನೂ ಇಲ್ಲ. ಗೊತ್ತಿಲ್ದೇ ಅವಳ ಹೆಸರು ಹೇಳ್ಬಿಟ್ಟೆ."

ಅದು ಎಲ್ಲರಿಗೂ ಅರ್ಥವಾಯಿತು. ಮುದುಕಿ ಅವರನ್ನು ಕೂರಿಸಿ ಕುಡಿಯಲು ನೀರು ತರಿಸಿದಳು. ತಂದವಳು ರತ್ನಮ್ಮ. ಪರಮೇಶ್ವರಪ್ಪನವರು ಅದನ್ನು ಗಟಗಟ ಕುಡಿದು, ಇನ್ನೊಂದು ಲೋಟ ಕೇಳಿ ಪಡೆದರು. ಬಾಯಾರಿದ್ದಕ್ಕೋ, ನೋಡುವವರು ನೋಡಲಿ ಎಂದೋ ನನಗೆ ತಿಳಿಯಲಿಲ್ಲ. ರತ್ನಮ್ಮ ಮರುವಾರ ಕೆಲಸಕ್ಕೆ ಬಂದಳು.

ಕಾರ್ಖಾನೆಯಲ್ಲಿ ನಾವು ಮಾಡಿದ ಬದಲಾವಣೆ ಹೇಳಿದರೆ ನಿಮಗೆ ನಿರಾಸೆಯಾಗಬಹುದು. ಹಣ್ಣಿನ ಜುಟ್ಟು ಕತ್ತರಿಸಿ, ಸಿಪ್ಪೆಯನ್ನು ಬ್ರಶ್ಶಿನಿಂದ ಉಜ್ಜಿ ತೊಳೆದೆವು. ಬಾಟಲಿಗಳನ್ನು ನಿಜವಾಗಿ ತಣ್ಣಗಾಗಿಸುವಂತೆ ನೀರು ತಂಪು ಮಾಡುವ ಯಂತ್ರ ಹಾಕಿಸಿದೆವು. ಪೆಟ್ಟಿಗೆಗಳ ನಡುವೆ ಗಾಳಿಯಾಡಲು ಜಾಗ ಬಿಟ್ಟೆವು. ವಾಸನೆ ಹೋಯಿತು. ಆ ಕ್ರಿಮಿ ಹೋಯಿತೇ ಎಂದರೆ, ಇಲ್ಲ. ಅದು ಮಣ್ಣಿರುವ ಕಡೆಯೆಲ್ಲ ಇದೆ. ಮಲಗಿದ್ದರೆ ಸಾಕು ಎಂದು ನಾವು ಒಪ್ಪಂದ ಮಾಡಿಕೊಂಡೆವು.

ಪರಮೇಶ್ವರಪ್ಪನವರು ನಿವೃತ್ತರಾದರು. ಸೆಲ್ವರಾಜ್ ಕೆಲಸ ಬಿಟ್ಟು ಭದ್ರಾವತಿಯಲ್ಲಿ ಮಗಳ ಮನೆ ಸೇರಿದರು. ಕಾರ್ಖಾನೆಯ ಯಜಮಾನಿಕೆ ಹಳೆಯ ಮಾಲೀಕರಿಂದ ಅವರ ಮಗ ದರ್ಶನ್ ಕೈಗೆ ಬಂತು. ನನ್ನ ಸರ್ವೀಸಿನ ಕೊನೆಯ ಭಾಗದಲ್ಲಿ ದರ್ಶನ್ ಶಾಖವಿಲ್ಲದೆ ರಸ ಕಾಪಾಡುವ ಒತ್ತಡದ ಯಂತ್ರ ತರಿಸಿದರು. ರಸ ತುಂಬಿ ಮುಚ್ಚಿದ ಪ್ಲಾಸ್ಟಿಕ್ ಬಾಟಲಿಗಳನ್ನು ನೀರು ತುಂಬಿದ ದಪ್ಪ ಉಕ್ಕಿನ ಕೊಳವೆಯೊಳಗೆ ಇಟ್ಟು, ಸಮುದ್ರದ ತಳದಲ್ಲೂ ಇರದಷ್ಟು ಒತ್ತಡ ಹಾಕುತ್ತಾರೆ. ಒತ್ತಡ ಎಲ್ಲ ಕಡೆಯಿಂದಲೂ ಸಮನಾಗಿ ಬೀಳುವುದರಿಂದ ಬಾಟಲಿ ಅಪ್ಪಚ್ಚಿಯಾಗುವುದಿಲ್ಲ. ಕ್ರಿಮಿಗಳು ಸಾಯುತ್ತವೆ. ರಸ ಬೇಯುವುದಿಲ್ಲ. ಅನಾನಸ್ ಆಗ ತಾನೇ ಹಿಂಡಿದಂತಿತ್ತು. ನಾನೂ ಬೆರಗಾದೆ.

ಆಮೇಲೆ ದರ್ಶನ್‌ಗೆ ಕಬ್ಬಿನ ಹಾಲಿನ ಯೋಚನೆ ಬಂತು. ಭದ್ರಾವತಿಯ ಸುತ್ತ ಕಬ್ಬಿಗೆ ಬರವಿಲ್ಲ. ಕಾಯಿಸಿದರೆ ಬೆಲ್ಲದ ಪಾಕದ ರುಚಿ ಬರುತ್ತದೆಂದು ಅದನ್ನು ಬಾಟಲಿಗೆ ತುಂಬುವ ಸಾಹಸಕ್ಕೆ ಯಾರೂ ಕೈ ಹಾಕಿರಲಿಲ್ಲ. ಈಗ ಕಾಯಿಸುವ ಅಗತ್ಯವೇ ಇಲ್ಲ. ಬಾಟಲಿಯ ಮೇಲೆ "ಕಬ್ಬು, ಬೇರೇನೂ ಇಲ್ಲ" ಎಂದು ಹಾಕಿಸಬೇಕೆಂಬುದು ಅವರ ಆಸೆ. ಪರೀಕ್ಷೆಗೆ ಮಾಡಿದ ಬಾಟಲಿಗಳು ನನ್ನ ಲ್ಯಾಬಿಗೆ ಬಂದವು. ತಟ್ಟೆಗಳಲ್ಲಿ ಏನೂ ಹುಟ್ಟಲಿಲ್ಲ. ಈ ಸಲ ಹಲವು ಬಗೆಯ ಊಟ ಬಡಿಸಿ ನೋಡಿದ್ದೆ. ಆದರೂ ನಾನು ಮಾರಾಟಕ್ಕೆ ಒಪ್ಪಿಗೆ ಕೊಡಲಿಲ್ಲ.

"ಯಾಕೆ ಮೇಡಂ? ಎಲ್ಲಾ ಕ್ಲೀನ್ ಇದೆಯಲ್ಲ?"

"ಕಬ್ಬಿನ ಹಾಲಲ್ಲಿ ಹುಳಿ ಇಲ್ಲ ದರ್ಶನ್. ಚಿಪ್ಪಿನೊಳಗೆ ಮಲಗಿರೋ ಕ್ರಿಮಿಗಳನ್ನ ಒತ್ತಡ ಕೊಲ್ಲಲ್ಲ. ಅನಾನಸಲ್ಲಾದ್ರೆ ಅವುಗಳಲ್ಲಿ ಅಪಾಯದ್ದನ್ನ ಹುಳಿ ಏಳೋಕೆ ಬಿಡಲ್ಲ. ಇಲ್ಲಿ ತಡೆಯೋರು ಯಾರೂ ಇಲ್ಲ. ಆ ಅಪಾಯದ ಕ್ರಿಮಿ ಬರೀ ವಾಸನೆ ಬಿಡೋ ಹುಳ ಅಲ್ಲ, ಕೈಕಾಲು ಸೋಲಿಸಿ ಮನುಷ್ಯರನ್ನ ಮಲಗಿಸೋ ವಿಷ ಮಾಡೋದು. ನಿಂಬೆರಸ ಹಾಕೋಣ. ರಸ್ತೆ ಬದಿ ಗಾಣದಲ್ಲೂ ಹಾಕ್ತಾರಲ್ಲ."

"ಅದು ರುಚಿಗೆ ಹಾಕೋದು ಮೇಡಂ. ನಾವು ಫ್ರಿಜ್ಜಲ್ಲೇ ಮಾರೋದು, ತಣ್ಣಗಿದ್ರೆ ಅದು ಬೆಳೆಯಲ್ಲ ಅಂತ ನೀವೇ ಹೇಳಿದೀರಿ."

ಅವರು ಹೇಳಿದ್ದು ತಪ್ಪಾಗಿರಲಿಲ್ಲ. ಮರುದಿನ ಪರೀಕ್ಷೆಗೆ ಮಾಡಿದ್ದ ಒಂದು ಹಳೆಯ ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆಸಿ, ನಾನು ಬೇಡ ಎನ್ನುವಷ್ಟರಲ್ಲಿ ನನ್ನ ಮುಂದೆಯೇ ಕುಡಿದರು. ವಾರ ಕಳೆಯಿತು. ದಿನಾ ಬೆಳಿಗ್ಗೆ ಅವರ ಕಾರು ಗೇಟಿನೊಳಗೆ ಬಂತೇ ಎಂದು ಕಿಟಕಿಯಿಂದ ನೋಡುತ್ತಿದ್ದೆ.

"ನೋಡಿ, ಏನೂ ಆಗ್ಲಿಲ್ಲ" ಎಂದು ನಗುತ್ತ ನನ್ನ ಲ್ಯಾಬಿಗೆ ಬಂದು ಕೂತರು.

ಏನೂ ಆಗದಿರುವುದೇ ನಮ್ಮ ಕೆಲಸದ ಫಲ. ಅದನ್ನೇ ಅವರು ನನ್ನ ವಿರುದ್ಧ ಸಾಕ್ಷಿಯಾಗಿ ತಂದಿದ್ದರು. ನನ್ನ ಕೈಯಲ್ಲಿ ಯಾವ ಪುರಾವೆಯೂ ಇರಲಿಲ್ಲ. ನಿವೃತ್ತಿಗೆ ಸ್ವಲ್ಪವೇ ಸಮಯ ಉಳಿದಿದ್ದ ಮುದುಕಿಯ ಅತಿಭಯ ಇದು ಎಂದು ನನಗೇ ಒಮ್ಮೊಮ್ಮೆ ಅನ್ನಿಸುತ್ತಿತ್ತು.

"ನಿಮ್ಮ ಫ್ರಿಜ್ ಸರಿ ಇತ್ತು ದರ್ಶನ್" ಎಂದೆ. "ಕರೆಂಟ್ ಹೋಗಿ ಬಂದು ಹೋಗಿ ಬಂದು ಮಾಡೋ ಅಂಗಡಿ ಇರುತ್ತೆ. ಬೇಸಿಗೇಲಿ ಬಾಟಲಿ ಅಲ್ಲೇ ಬಿದ್ದಿರುತ್ತೆ. ವಾಸನೆ ಇಲ್ಲ, ಬಣ್ಣ ಕೆಟ್ಟಿಲ್ಲ. ಆ ಬಾಟಲೀನ ನಿಮ್ಮ ಮಗಳಿಗೆ ಕುಡಿಸ್ತೀರಾ?"

ಅವರು ನಗುಮುಖದಲ್ಲೇ ಎದ್ದು ಹೋದರು. ಎರಡು ದಿನ ನನ್ನ ಕಡೆ ತಲೆ ಹಾಕಲಿಲ್ಲ. ನನ್ನನ್ನು ಬದಿಗಿಟ್ಟು ಬೇರೆಯವರಿಂದ ಒಪ್ಪಿಗೆ ಪಡೆಯುತ್ತಾರೆ ಎಂದೇ ಭಾವಿಸಿದ್ದೆ. ಮೂರನೆಯ ದಿನ ಲ್ಯಾಬಿನ ಫೋನ್ ರಿಂಗಾಯಿತು.

"ಮೇಡಂ, ಗೇಟಲ್ಲಿ ನಿಂಬೆಹಣ್ಣಿನ ಗಾಡಿ ನಿಂತಿದೆ. ಎಷ್ಟು ಇಳಿಸ್ಲಿ?"

ಕಬ್ಬಿನ ಹಾಲು ನಿಂಬೆಯೊಂದಿಗೆ ಮಾರುಕಟ್ಟೆಗೆ ಹೋಯಿತು, ಈಗಲೂ ಹೋಗುತ್ತಿದೆ. ಅಂದು ನಾನು ಹೆದರಿದ್ದು ಸರಿಯೋ, ಸುಮ್ಮನೆ ಹೆದರಿದೆನೋ ಎಂದು ಹೊಸ ಹುಡುಗರು ಕೇಳಿದರೆ ಇವತ್ತಿಗೂ ನನ್ನ ಬಳಿ ಉತ್ತರವಿಲ್ಲ. ಅದನ್ನು ತಿಳಿಯುವುದಕ್ಕೆ ಒಂದೇ ದಾರಿಯಿತ್ತು. ಎಲ್ಲೋ ಒಂದು ಮನೆಯಲ್ಲಿ ಯಾರೋ ಅದನ್ನು ಕುಡಿದು ಹಾಸಿಗೆ ಹಿಡಿಯಬೇಕಿತ್ತು. ಅಂಥ ಬೆಲೆ ಕೊಟ್ಟು ಬರುವ ತಿಳಿವಳಿಕೆ ನನಗೆ ಬೇಕಾಗಿಯೂ ಇಲ್ಲ.